ಎಳೆಗರುವಿನ ಭೇದಿ

ಮಕ್ಕಳೇ, ಎಳೆಗರುವಿಗೆ ಭೇದಿಯಾದರೆ ಅದರ ಕಣ್ಣು ನೋಡಿರಿ. ಕಣ್ಣು ಒಳಗೆ ಇಳಿದಿದ್ದರೆ ಮೈಯ ನೀರು ಬಹಳ ಹೋಗಿದೆ ಎಂದು ತಿಳಿಯಿರಿ. ತಡಮಾಡದೆ ಹಿರಿಯರಿಗೆ ಹೇಳಿರಿ.

ಜತ್ತ ತಾಲೂಕಿನ ನಮ್ಮ ಮನೆಯಲ್ಲಿ ಖಿಲಾರಿ ಆಕಳ ಕರುವಿಗೆ ಆರನೆಯ ದಿನವೇ ಭೇದಿ ಹತ್ತಿತು. ಮರುದಿನ ಅದು ಏಳಲೇ ಇಲ್ಲ. ದನದ ಡಾಕ್ಟರರು ಬಂದು ಅದರ ಬಾಯಲ್ಲಿ ಬೆರಳಿಟ್ಟರು. ಬಾಯಿ ತಣ್ಣಗಿತ್ತು. ಕರು ಬೆರಳು ಚೀಪಲಿಲ್ಲ. ಭೇದಿಯಲ್ಲಿ ನೀರಿನ ಸಂಗಡ ಕ್ಷಾರವೂ ಹೋಗಿ, ರಕ್ತದಲ್ಲಿ ಆಮ್ಲ ಹೆಚ್ಚಿದೆ ಎಂದರು. ಹುಣಸೆ ಹುಳಿಗೆ ಅಡುಗೆ ಸೋಡಾ ಹಾಕಿದರೆ ನೊರೆ ಬಂದು ಹುಳಿ ತಗ್ಗುತ್ತದೆಯಲ್ಲವೇ? ಡಾಕ್ಟರರ ಔಷಧವೂ ಅದೇ, ಸೋಡಿಯಂ ಬೈಕಾರ್ಬೊನೇಟ್. ಅದನ್ನು ಸಲಾಯಿನ್ ಜೊತೆ ಕತ್ತಿನ ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟರು. ಇದು ಡಾಕ್ಟರರೇ ಮಾಡುವ ಕೆಲಸ.

ಸಂಜೆಗೆ ಕರು ಎದ್ದು ಕೆಚ್ಚಲ ಕಡೆ ಹೊರಟಿತು. "ಹಾಲು ಬ್ಯಾಡ, ಹೊಟ್ಟಿ ಇನ್ನೂ ಕೆಡತೈತಿ" ಎಂದು ಅಜ್ಜಿ ಅಡ್ಡ ಬಂದಳು. ನಮ್ಮ ಕಡೆ ಹಲವರ ನಂಬಿಕೆ ಇದು.

"ಹಾಲು ನಿಲ್ಲಿಸಬ್ಯಾಡ್ರಿ ಅಜ್ಜಿ, ಕರುವಿಗೆ ಶಕ್ತಿ ಎಲ್ಲಿಂದ ಬರಬೇಕು?" ಎಂದರು ಡಾಕ್ಟರರು. ಹಾಲು ಕುಡಿದ ಎರಡು ತಾಸಿನ ಮೇಲೆ ಉಪ್ಪು, ಗ್ಲೂಕೋಸ್, ಸೋಡಾ ಬೆರೆತ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಕುಡಿಸಲು ಹೇಳಿದರು. ಮೂರು ದಿನ ಕುಡಿಸಿದೆವು. ಪ್ರತಿ ಸಲವೂ ಸಾಬೂನಿನಿಂದ ಕೈ ತೊಳೆದೆವು. ಕರುವಿನ ಭೇದಿ ನಮಗೂ ಅಂಟಬಹುದು.

ನಾಲ್ಕನೆಯ ದಿನ ಕರು ಅಜ್ಜಿಯ ಸೆರಗನ್ನೇ ಚೀಪುತ್ತ ನಿಂತಿತ್ತು.