ಚಿಕ್ಕಮ್ಮನ ಕೈನೆಟಿಕ್, ಕೆಸರಿನ ಆರ್ಗೋ

ನೆಲದಲ್ಲೂ ನೀರಲ್ಲೂ ಓಡುವ ಗಾಡಿ ಎಂದರೆ ಸಿನಿಮಾ ನೋಡಿ ಬೆಳೆದವರಿಗೆ ಏನೇನೋ ಕಲ್ಪನೆ. ಆರ್ಗೋ ಎಂಬ ಅಂಥ ಗಾಡಿ ಕಣ್ಣಿಗೆ ಬಿದ್ದ ಕೂಡಲೇ ಅದೆಲ್ಲ ಇಳಿದುಹೋಗುತ್ತದೆ. ಸ್ನಾನದ ತೊಟ್ಟಿಗೆ ಆರು ಊದಿದ ಗಾಲಿ ಸಿಕ್ಕಿಸಿದ ಹಾಗಿದೆ, ಅಷ್ಟೇ. ಗಾಲಿಯೊಳಗಿನ ಗಾಳಿ ಎರಡು ಮೂರು ಪಿಎಸ್ಐ. ಕಾರಿನದಕ್ಕೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲು. ಅದಕ್ಕೇ ಅದು ಕೆಸರಲ್ಲಿ ಹೂತುಕೊಳ್ಳುವುದಿಲ್ಲ. ನೀರಿಗಿಳಿದರೆ ಅದೇ ಗಾಲಿಗಳು ಹುಟ್ಟು ಹಾಕುತ್ತವೆ. ವೇಗ ಮಾತ್ರ ಕಾಲ್ನಡಿಗೆಯದು.

ಇದರ ತವರು ನಾನಿರುವ ಕೆನಡಾದ ವಾಟರ್‌ಲೂ ಪಕ್ಕದ ನ್ಯೂ ಹ್ಯಾಂಬರ್ಗ್. ಗಿಯರ್ ತಯಾರಿಸಲೆಂದು 1962ರಲ್ಲಿ ಶುರುವಾದ ಅಲ್ಲಿನ ಕಾರ್ಖಾನೆ 1967ರಲ್ಲಿ ಆರ್ಗೋ ಹೊರತಂದಿತು. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಬೇಟೆಯಾಡಿದ ಜಿಂಕೆಗಳನ್ನು ಮೊದಲು ಕುದುರೆಗಳು ಹೊತ್ತು ತರುತ್ತಿದ್ದವು. ಆ ಕೆಲಸ ಬಹುಮಟ್ಟಿಗೆ ಈಗ ಈ ಗಾಡಿಯದು. ಕೆನಡಾದ ಬಾಹ್ಯಾಕಾಶ ಸಂಸ್ಥೆ ಚಂದ್ರನ ಗಾಡಿಯ ಮಾದರಿಗಳನ್ನು ಮಾಡಿಸಿದಾಗಲೂ ಇದೇ ಕಾರ್ಖಾನೆಯ ಕೈ ಅದರಲ್ಲಿತ್ತು. ತೊಟ್ಟಿಯ ವಂಶ ಸಣ್ಣದೇನಲ್ಲ.

ನನ್ನ ಪರಿಚಯದ ಹಿರಿಯರೊಬ್ಬರಿಗೆ ಊರಾಚೆ ಮೇಪಲ್ ಮರಗಳ ತೋಪಿದೆ. ಮಾರ್ಚಿನಲ್ಲಿ ಹಿಮ ಕರಗಿ ನೆಲವೆಲ್ಲ ರಾಡಿಯಾದಾಗ ಮರದ ರಸ ಸಾಗಿಸಲು ಅವರು ಸಾಕಿಕೊಂಡಿರುವುದು ಹಳೆಯದೊಂದು ಆರ್ಗೋ. ಅದರ ಎಂಜಿನ್ ಪಿಸ್ಟನ್ ರಿಂಗು ಸವೆದು ನೀಲಿ ಹೊಗೆ ಕಾರುತ್ತಿತ್ತು. ಹೊಸ ಎಂಜಿನ್ ತರಿಸಿ, "ಕೂರಿಸೋಕೆ ಬರ್ತೀಯಾ?" ಎಂದು ಕೇಳಿದರು. ಭದ್ರಾವತಿಯಲ್ಲಿ ಹುಟ್ಟಿ ಹೊಟ್ಟೆಪಾಡಿಗೆ ಕಂಪ್ಯೂಟರು ಕುಟ್ಟುವವನಿಗೆ ಕಬ್ಬಿಣದ ವಾಸನೆ ಎಂದರೆ ಸಾಕು, ಊಟ ಬಿಟ್ಟಾದರೂ ಹೋಗುತ್ತೇನೆ.

ಎಂಜಿನ್ ಇಳಿಸುವುದು ದೊಡ್ಡ ಕೆಲಸವೇನಲ್ಲ. ನಾಲ್ಕು ಬೋಲ್ಟು, ಪೆಟ್ರೋಲ್ ಪೈಪು, ಥ್ರಾಟಲ್ ಕೇಬಲ್ಲು, ಒಂದಿಷ್ಟು ವೈರು. ಸೈಲೆನ್ಸರಿನ ತುಕ್ಕು ಹಿಡಿದ ನಟ್ಟುಗಳು ಮಾತ್ರ ಬೈಗುಳ ಕೇಳಿಯೇ ಬಿಟ್ಟುಕೊಟ್ಟವು. ತಕರಾರು ಇದ್ದದ್ದು ಕ್ಲಚ್ಚಿನದು. ಹಳೆ ಎಂಜಿನ್ನಿನ ಶಾಫ್ಟು ಒಂದು ಇಂಚು. ಹೊಸದರದ್ದು, ನಮ್ಮ ಬಡಗಿಗಳ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಇಂಚು ಒಂದು ನೂಲು. ಹಳೆ ಕ್ಲಚ್ಚಿನ ತೂತಿಗೆ ಇದು ಹೋಗುವ ಹಾಗಿಲ್ಲ. ಹೀಗೆ ಎಂಜಿನ್ ಜೊತೆಗೆ ಕ್ಲಚ್ಚೂ ಹೊಸದು ಬಂತು.

ಆ ಹೊಸ ಕ್ಲಚ್ಚನ್ನು ಬೆಂಚಿನ ಮೇಲಿಟ್ಟು ನೋಡುತ್ತಿದ್ದೆ. ಎದುರುಬದುರು ಎರಡು ಇಳಿಜಾರು ತಟ್ಟೆ, ನಡುವೆ ಬೆಲ್ಟು ಕೂರುವ ಸಂದು, ಒಳಗೆ ಸ್ಪ್ರಿಂಗು, ಪುಟ್ಟ ತೂಕದ ಬಿಲ್ಲೆಗಳು. ಎಂಜಿನ್ ನಿಧಾನ ತಿರುಗುವಾಗ ತಟ್ಟೆಗಳು ದೂರ ದೂರ ಇದ್ದು ಬೆಲ್ಟು ಸಡಿಲವಾಗಿರುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ವೇಗ ಏರಿದಂತೆ ತೂಕಗಳು ಹೊರಕ್ಕೆ ಚಿಮ್ಮಿ ಒಂದು ತಟ್ಟೆಯನ್ನು ಇನ್ನೊಂದರತ್ತ ದಬ್ಬುತ್ತವೆ. ಬೆಲ್ಟು ಹಿಂಡಿಸಿಕೊಂಡು ಮೇಲೇರುತ್ತದೆ. ಅತ್ತ ಗಿಯರ್ ಪೆಟ್ಟಿಗೆಯ ಕಡೆಯ ಪುಲ್ಲಿಯಲ್ಲಿ ತಟ್ಟೆಗಳು ಅಗಲವಾಗಿ ಬೆಲ್ಟು ಕೆಳಗಿಳಿಯುತ್ತದೆ. ಯಾರೂ ಗಿಯರ್ ಬದಲಿಸಲಿಲ್ಲ, ಆದರೂ ಬದಲಾಯಿತು. ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿ ಇದೇ ಉಪಾಯವನ್ನು ಪುಟ್ಟ ಕಾರಿಗೆ ಅಳವಡಿಸಿತ್ತು. ಆ ಕಾರು ಮುಂದಕ್ಕೆ ಎಷ್ಟು ಜೋರೋ ಹಿಂದಕ್ಕೂ ಅಷ್ಟೇ ಜೋರು ಓಡುತ್ತಿತ್ತಂತೆ. ಅದರ ಮೇಲೆ ಹಿಮ್ಮುಖ ರೇಸು ಕಟ್ಟಿದ ಡಚ್ಚರ ತಮಾಷೆ ಬುದ್ಧಿ ನನಗೆ ಬಹಳ ಇಷ್ಟ.

ಇದನ್ನು ನಾನು ಎಲ್ಲೋ ಬಿಚ್ಚಿ ನೋಡಿದ್ದೇನಲ್ಲ ಎನಿಸಿತು. ಹೌದು, ಶಿವಮೊಗ್ಗದಲ್ಲಿ, ಚಿಕ್ಕಮ್ಮನ ಸ್ಕೂಟರಿನಲ್ಲಿ. ಕೈನೆಟಿಕ್ ಹೋಂಡಾ 1980ರ ದಶಕದಲ್ಲಿ ಬಂದಾಗ ಅದು ಗಿಯರಿಲ್ಲದ, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಸ್ಕೂಟರು. ಚೇತಕ್ಕನ್ನು ಓರೆ ಮಾಡಿ ಒದ್ದು ಎಬ್ಬಿಸುತ್ತಿದ್ದ ಚಿಕ್ಕಪ್ಪನಿಗೆ ಅದು ಹೆಂಗಸರ ಗಾಡಿ. ಚಿಕ್ಕಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಸೀರೆಯ ಸೆರಗು ಸಿಕ್ಕಿಸಿ, ಮಳೆಯಲ್ಲಿ ಬ್ಯಾಂಕಿಗೆ ಹೋಗಿಬರುತ್ತಿದ್ದರು. ಆ ರಾತ್ರಿ ಫೋನ್ ಮಾಡಿ, "ಚಿಕ್ಕಮ್ಮಾ, ನಿಮ್ಮ ಕೈನೆಟಿಕ್ ಕ್ಲಚ್ಚೇ ಇಲ್ಲಿ ಕೆಸರು ಗಾಡಿಗೂ ಹಾಕಿದಾರೆ" ಎಂದೆ.

"ಅದಕ್ಕೆ ಕ್ಲಚ್ ಎಲ್ಲಿತ್ತೋ? ಇಲ್ಲ ಅಂತಲೇ ಅಲ್ವಾ ತಗೊಂಡಿದ್ದು!"

ಇತ್ತು, ಕೈಗೆ ಸಿಗದ ಜಾಗದಲ್ಲಿತ್ತು ಎಂದು ವಿವರಿಸಲು ಹೋದರೆ ಅವರು ಮೇಪಲ್ ರಸದ ರುಚಿ ಹೇಗಿರುತ್ತೆ ಎಂದು ಮಾತು ತಿರುಗಿಸಿದರು. ಚಾಲಕನ ಎಡಗೈಯ ಬೆವರನ್ನೇ ಜಾಣತನ ಎಂದುಕೊಂಡ ಗಂಡಸರಿಗಿಂತ, ಕಾಣದೆ ಕೆಲಸ ಮಾಡುವ ಆ ಬಿಲ್ಲೆಗಳೇ ಜಾಣ ಎಂಬುದು ನನ್ನ ಅಭಿಪ್ರಾಯ. ಚಿಕ್ಕಪ್ಪನ ಎದುರು ಇದನ್ನು ಹೇಳುವ ಧೈರ್ಯವಿಲ್ಲ.

ಕೂರಿಸುವಾಗ ಸುತ್ತಿಗೆ ಮುಟ್ಟಬಾರದು. ಏಟು ಬಿದ್ದರೆ ಎಂಜಿನ್ ಬೇರಿಂಗಿಗೇ ಪೆಟ್ಟು. ಶಾಫ್ಟಿನ ತೋಡಿನಲ್ಲಿ ಕೀಲಿ ಕೂರಿಸಿ, ಕ್ಲಚ್ಚನ್ನು ಕೈಯಿಂದಲೇ ನೂಕಿ, ಬೋಲ್ಟಿನಿಂದ ಬಿಗಿದೆವು. ಎರಡು ಪುಲ್ಲಿಗಳ ಮುಖಕ್ಕೆ ಉಕ್ಕಿನ ಪಟ್ಟಿ ಹಿಡಿದು ನೇರ ನೋಡುವುದರಲ್ಲೇ ಮಧ್ಯಾಹ್ನ ಕಳೆಯಿತು. ಚೂರು ಓರೆಯಾದರೂ ಬೆಲ್ಟು ಅಂಚು ತಿಂದು ಕರಿ ಪುಡಿ ಉದುರಿಸುತ್ತದೆ. ಎಂಜಿನ್ನಿನಡಿಯ ಉದ್ದ ತೂತುಗಳಲ್ಲಿ ಅದನ್ನು ಅತ್ತಿತ್ತ ಸರಿಸಿ, ಬೆಲ್ಟನ್ನು ಹೆಬ್ಬೆರಳಿಂದ ಒತ್ತಿ, ಮತ್ತೆ ಸರಿಸಿ, ತೋಪಿನ ಯಜಮಾನರು ಕೊನೆಗೆ ತಲೆಯಾಡಿಸಿದರು.

ಸ್ಟಾರ್ಟ್ ಮಾಡಿದರೆ ಗಿಯರಿನಲ್ಲಿದ್ದೂ ಗಾಡಿ ತೆವಳಲಿಲ್ಲ. ಬೆಲ್ಟು ಸಡಿಲ ಸರಿಯಾಗಿದೆ ಎಂದರ್ಥ. ಕೊಳಕ್ಕಿಳಿಸುವ ಮೊದಲು ಯಜಮಾನರು ಬಗ್ಗಿ ತೊಟ್ಟಿಯ ಹಿಂಬದಿಯ ನೀರು ಬಸಿಯುವ ತೂತಿಗೆ ಬಿರಡೆ ಹಾಕಿದೆಯೇ ಎಂದು ನೋಡಿದರು. ಆಮೇಲೆ ನನ್ನನ್ನೂ ಹತ್ತಿಸಿಕೊಂಡರು. ಹಳೆ ಎಂಜಿನ್ನನ್ನು ಗುಜರಿಗೆ ಹಾಕೋಣವೇ ಎಂದು ನೀರಿನ ನಡುವೆ ಕೇಳಿದರೆ, "ಕಾರ್ಬುರೇಟರ್ ಇನ್ನೂ ಚೆನ್ನಾಗಿದೆಯಲ್ಲ" ಎಂದು ಮುಖ ಗಂಟು ಹಾಕಿದರು.