ಹುಡುಗ ಏನು ಕೆಲಸ ಮಾಡ್ತಾನೆ?

ಹೋದ ವರ್ಷ ಸಕಲೇಶಪುರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ದೂರದ ನೆಂಟರು ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಕೇಳಿದರು: "ನಿಮ್ಮ ದೊಡ್ಡವನು ಈಗ ಏನು ಮಾಡ್ಕೊಂಡಿದಾನೆ?"

"ಹೋಂಸ್ಟೇ ನೋಡ್ಕೋತಾನೆ" ಎಂದೆ.

ಎದುರಿಗೆ ಕೂತಿದ್ದ ಮಗಳು ಸುಮ್ಮನಿರಬೇಕಲ್ಲ? "ಅಣ್ಣ ಕಪ್ಪೆ ತೋರಿಸ್ತಾನೆ" ಎಂದುಬಿಟ್ಟಳು. ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ. ಆದರೆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಆ ನೆಂಟರ ಮನೆಯಲ್ಲೊಬ್ಬಳು ಮದುವೆಗೆ ಬಂದ ಹುಡುಗಿ ಇದ್ದಳು. ಮಾತು ಅಲ್ಲಿಗೇ ನಿಂತಿತು.

ನಮ್ಮದು ಬಿಸಿಲೆ ಹತ್ತಿರದ ಹಳ್ಳಿ. ಹೆಸರು ಬಿಸಿಲೆ, ಆದರೆ ಜೂನ್ ಬಂತೆಂದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣದ ಜಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿ ಇಳಿಯುವವರು ಇಲ್ಲಿ ವಾಹನ ನಿಲ್ಲಿಸಿ ಎದುರಿನ ಕುಮಾರಪರ್ವತ, ದೊಡ್ಡಬೆಟ್ಟ, ಏಣಿಕಲ್ಲು ಬೆಟ್ಟಗಳನ್ನು ನೋಡುತ್ತಾರೆ, ನಾಲ್ಕು ಫೋಟೋ ತೆಗೆದು ಹೊರಡುತ್ತಾರೆ. ಏಲಕ್ಕಿ ಕೈಕೊಟ್ಟ ಮೇಲೆ ನಾವು ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆಂದು ಬಿಟ್ಟೆವು. ಅಕ್ಕಿರೊಟ್ಟಿ, ಕಳಲೆ ಪಲ್ಯ, ಕಡುಬು ನನ್ನ ಪಾಲಿಗೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗ 2020ರ ಲಾಕ್‌ಡೌನ್‌ನಲ್ಲಿ ಮನೆಗೆ ಬಂದವನು ವಾಪಸು ಹೋಗಲೇ ಇಲ್ಲ. ರಾತ್ರಿ ಟಾರ್ಚ್ ಹಿಡಿದು ಗದ್ದೆ ಬದುವಿನಲ್ಲಿ ಕೂರತೊಡಗಿದ. ವಿಜ್ಞಾನಿ ಕೆ.ವಿ. ಗುರುರಾಜ ಅವರು ಬಿಸಿಲೆಯಲ್ಲಿ ಕಪ್ಪೆ ಶಿಬಿರ ನಡೆಸುತ್ತಿದ್ದರು. ಇವನು ಆಗ ಶಾಲೆಯ ಹುಡುಗ. ಪೇಟೆಯಿಂದ ಅಷ್ಟು ದೂರ ಬಂದು ಜನ ಮಳೆಯಲ್ಲಿ ನೆನೆಯುತ್ತಾ ಕಪ್ಪೆ ಹುಡುಕುವುದನ್ನು ಕಂಡಿದ್ದ. ಅದು ಎಲ್ಲೋ ಒಳಗೆ ಉಳಿದಿತ್ತೇನೋ.

ಅವನಿಗೆ ಕುಮ್ಮಕ್ಕು ಕೊಟ್ಟವನು ನನ್ನ ತಮ್ಮ. ಅವನಿಗೆ ಕೀನ್ಯಾ ದೇಶದ ನೈರೋಬಿಯಲ್ಲಿ ಲೆಕ್ಕಪತ್ರದ ಕೆಲಸ. ರಜೆಗೆ ಬಂದಾಗ ಒಲೆ ಮುಂದೆ ಕೂತು ಹೇಳಿದ: "ಅಕ್ಕ, ಅಲ್ಲಿ ಕಾಡು ತೋರಿಸೋರಿಗೆ ಪರೀಕ್ಷೆ ಇದೆ. 1996ರಿಂದ ಅವರದ್ದೇ ಸಂಘ ಇದೆ. ಪ್ರಾಣಿ, ಹಕ್ಕಿ, ಗಿಡ ಎಲ್ಲಾ ಓದಿ ಬರೀಬೇಕು. ಮೊದಲು ಕಂಚು, ಆಮೇಲೆ ಬೆಳ್ಳಿ, ಕೊನೆಗೆ ಚಿನ್ನ. ಆ ಬ್ಯಾಡ್ಜ್ ಅಂಗಿಗೆ ಸಿಕ್ಕಿಸಿಕೊಂಡು ಎದೆಯುಬ್ಬಿಸಿ ನಡೀತಾರೆ." ರುವಾಂಡಾದ ಸಂಗತಿಯನ್ನೂ ಹೇಳಿದ. ಅಲ್ಲಿ ಬೆಟ್ಟದ ಗೊರಿಲ್ಲಾಗಳ ಒಂದು ಗುಂಪನ್ನು ನೋಡಲು ದಿನಕ್ಕೆ ಎಂಟೇ ಜನರಿಗೆ ಅವಕಾಶ, ಅದೂ ಒಂದು ಗಂಟೆ ಮಾತ್ರ. ಬಂದ ದುಡ್ಡಿನಲ್ಲಿ ಒಂದು ಪಾಲು ಸುತ್ತಲಿನ ಊರುಗಳಿಗೆ. ಹಿಂದೆ ಕಳ್ಳಬೇಟೆ ಆಡುತ್ತಿದ್ದವರಲ್ಲೂ ಕೆಲವರು ಈಗ ಪ್ರವಾಸಿಗರ ಚೀಲ ಹೊತ್ತು ಸಂಸಾರ ಸಾಗಿಸುತ್ತಾರಂತೆ.

ತಮ್ಮ ತಾಂಜಾನಿಯಾದ ಒಂದು ಚಿತ್ರವನ್ನೂ ತಂದಿದ್ದ. ದಾರ್ ಎಸ್ ಸಲಾಮ್ ನಗರದಲ್ಲಿ ಎಡ್ವರ್ಡ್ ಸೈದಿ ಟಿಂಗಟಿಂಗ ಎಂಬಾತ 1968ರಲ್ಲಿ ಸೈಕಲ್ಲಿಗೆ ಬಳಿಯುವ ಬಣ್ಣದಲ್ಲೇ ಪ್ರಾಣಿಗಳನ್ನು ಬರೆದು ಪ್ರವಾಸಿಗರಿಗೆ ಮಾರಲು ಶುರುಮಾಡಿದನಂತೆ. ಈಗ ಆ ಶೈಲಿಗೇ ಅವನ ಹೆಸರು. ಮಗಳು ಅದನ್ನು ನೋಡಿದ್ದೇ ತಡ, ಗೇಟಿಗೆ ಬಳಿದು ಉಳಿದಿದ್ದ ಬಣ್ಣ ಹುಡುಕಿ ಒಡೆದ ಹೆಂಚಿನ ಮೇಲೆ ಕಪ್ಪೆ ಬರೆದಳು. ಮೊದಲನೆಯದು ಬದನೆಕಾಯಿಯ ಹಾಗಿತ್ತು. ಮೂರನೆಯದನ್ನು ಅತಿಥಿಯೊಬ್ಬರು ಇನ್ನೂರು ರೂಪಾಯಿ ಕೊಟ್ಟು ಒಯ್ದರು!

ಮಗನೂ ತನ್ನದೊಂದು ನಿಯಮ ಮಾಡಿಕೊಂಡ: ಒಮ್ಮೆಗೆ ಎಂಟೇ ಜನ. ನಡಿಗೆ ನಮ್ಮ ತೋಟ, ಗದ್ದೆ, ತೋಡಿನಂಚಿನಲ್ಲಿ ಮಾತ್ರ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ರಾತ್ರಿ ಆನೆಗಳ ಭಯ ಬೇರೆ. ಕಪ್ಪೆಯನ್ನು ಮುಟ್ಟಬಾರದು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಗೆ ಹಚ್ಚಿದ ಸೊಳ್ಳೆ ಮುಲಾಮು ಅದಕ್ಕೆ ವಿಷ.

ಆಗಸ್ಟಿನ ಒಂದು ಶನಿವಾರ ಹತ್ತೊಂಬತ್ತು ಜನ ಬಂದರು. ಜೊತೆಗೆ ಕೈಗಾಡಿಯಷ್ಟು ದೊಡ್ಡ ಸ್ಪೀಕರು. ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗಬೇಕು, ಕಾಡಿನ ಹಳ್ಳದವರೆಗೂ ಹೋಗಬೇಕು, ಕಪ್ಪೆಯನ್ನು ಅಂಗೈ ಮೇಲೆ ಕೂರಿಸಿ ಫೋಟೋ ತೆಗೆಯಬೇಕು ಎಂದು ಹಟ ಹಿಡಿದರು. ಮಗ ಆಗುವುದಿಲ್ಲ ಎಂದ. ಬೇಕಾದರೆ ಮೂರು ತಂಡ ಮಾಡುತ್ತೇನೆ, ಸ್ಪೀಕರ್ ಬೇಡ ಎಂದ. ಅವರು ಒಪ್ಪಲಿಲ್ಲ. ಇವನು ಮುಂಗಡ ನಾಲ್ಕು ಸಾವಿರ ಹಿಂದಿರುಗಿಸಿದ. ನಮ್ಮ ಯಜಮಾನರು ಆ ರಾತ್ರಿ ಉಣ್ಣಲಿಲ್ಲ. "ಮನೆ ಬಾಗಿಲಿಗೆ ಬಂದ ಲಕ್ಷ್ಮಿನ ಕಪ್ಪೆಗೋಸ್ಕರ ಕಳಿಸಿದ" ಎಂದು ಗೋಡೆಗೆ ಹೇಳಿದರು. ನಿಜ ಹೇಳುತ್ತೇನೆ, ನಾನೂ ಅವರ ಪಕ್ಷವೇ. ನಲವತ್ತು ರೊಟ್ಟಿಗೆ ಹಿಟ್ಟು ಕಲಸಿಟ್ಟಿದ್ದೆ.

ಮಗ ವಾದಿಸಲಿಲ್ಲ. ಎರಡು ದಿನ ಕಳೆದು, ಕರೆಂಟಿಲ್ಲದ ಒಂದು ರಾತ್ರಿ "ಬಾ ಅಮ್ಮ" ಎಂದ.

ಇಪ್ಪತ್ತೇಳು ವರ್ಷದ ಹಿಂದೆ ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಅಂದಿನಿಂದ ಮಳೆಗಾಲದ ರಾತ್ರಿಯ ವಟವಟ ನನಗೆ ಒಂದೇ ಸದ್ದು. ಕಾಲಿಗೆ ಇಂಬಳ ಹತ್ತದ ಹಾಗೆ ಸುಣ್ಣ ಹೊಗೆಸೊಪ್ಪು ಬಳಿದುಕೊಂಡು ಹೊರಟೆ. ತೋಡಿನ ಹತ್ತಿರ ಮಗ ಟಾರ್ಚ್ ಆರಿಸಿದ. "ಈಗ ಎಣಿಸು." ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಗದ್ದೆ ಕಡೆಯಿಂದ ಒಂದು ದಪ್ಪ ದನಿ. ಕಾಫಿ ಗಿಡದೊಳಗಿಂದ ಸಣ್ಣ ಲೋಹ ತಟ್ಟಿದ ಹಾಗೆ ಟಿಕ್ ಟಿಕ್. "ಅದು ಪೊದೆಗಪ್ಪೆ. ಅದಕ್ಕೆ ಗೊದಮೊಟ್ಟೆ ಅನ್ನೋದೇ ಇಲ್ಲ, ಮೊಟ್ಟೆಯಿಂದ ನೇರ ಪುಟ್ಟ ಕಪ್ಪೆಯೇ ಹೊರಗೆ ಬರತ್ತೆ." ನಾಲ್ಕರವರೆಗೂ ಎಣಿಸಿದೆ. ಅವನು ಆರು ಎಂದ.

ಆಮೇಲೆ ನೀರಿನ ತೊಟ್ಟಿಯ ಮೇಲೆ ಬಾಗಿದ ಕೊಂಬೆಗೆ ಬೆಳಕು ಹಾಕಿದ. ಎಲೆಗಳ ನಡುವೆ ಸೋಪಿನ ನೊರೆಯಂಥ ಬಿಳಿ ಮುದ್ದೆ. ಅದು ನನಗೆ ಚೆನ್ನಾಗಿ ಗೊತ್ತು. ನಮ್ಮತ್ತೆ ಅದನ್ನು ಕಂಡರೆ ಮೈಲಿಗೆ ಎನ್ನುತ್ತಿದ್ದರು. ನಾನೇ ಎಷ್ಟೋ ಮಳೆಗಾಲ ಅದನ್ನು ಪೊರಕೆಯಿಂದ ಹೊಡೆದು ಕೆಡವಿದ್ದೇನೆ.

"ಹಾರುವ ಕಪ್ಪೆ ಗೂಡು ಅಮ್ಮ. ಕಾಲಲ್ಲಿ ಕಡೆದು ಕಡೆದು ನೊರೆ ಮಾಡಿ ಅದರೊಳಗೆ ಮೊಟ್ಟೆ ಇಡತ್ತೆ. ಮರಿಗಳು ಬೆಳೆದ ಮೇಲೆ ಕೆಳಗಿನ ನೀರಿಗೆ ತೊಪ್ಪಂತ ಬೀಳ್ತವೆ. ಅದಕ್ಕೇ ಯಾವಾಗಲೂ ತೊಟ್ಟಿ ಮೇಲೇ ಕಟ್ಟೋದು."

ಅದಕ್ಕಿಂತ ಸ್ವಲ್ಪ ಮೇಲೆ, ಎಲೆಯದೇ ಹಸಿರಿನದು, ಕೂತಿತ್ತು. ಬೆರಳುಗಳ ನಡುವಿನ ಪೊರೆ ಕೆಂಪಗೆ, ಮದರಂಗಿ ಹಚ್ಚಿದ ಹಾಗೆ. ಪೊರಕೆಯ ವಿಷಯ ಮಗನಿಗೆ ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಅವನು ಚಿಕ್ಕಂದಿನಲ್ಲೇ ನೋಡಿರಬೇಕು. ಏನೂ ಅನ್ನಲಿಲ್ಲ.

ಈಗ ಅವನಿಗೆ ಭಾರಿ ಸಂಪಾದನೆ ಏನೂ ಇಲ್ಲ. ಮಳೆಗಾಲ ಬಿಟ್ಟರೆ ಕಪ್ಪೆ ಕಡಿಮೆ. ಉಳಿದ ದಿನ ಅತಿಥಿಗಳ ಮಕ್ಕಳನ್ನು ಮಂಕನಹಳ್ಳಿ ಹತ್ತಿರದ ದಿಣ್ಣೆಗೆ ಕರೆದೊಯ್ಯುತ್ತಾನೆ. ಅಲ್ಲಿ ಒಂದು ಕಡೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಕಡೆಯದು ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಅರಬ್ಬೀ ಸಮುದ್ರಕ್ಕೆ. ಬಾಟಲಿಯ ನೀರನ್ನು ಎರಡೂ ಕಡೆ ಸುರಿದು ಎರಡು ಸಮುದ್ರಕ್ಕೆ ಕಳಿಸಿದೆ ಎಂದು ಕುಣಿಯುವ ಮಕ್ಕಳನ್ನು ನೋಡಬೇಕು. ಯಜಮಾನರ ಗೊಣಗಾಟ ಇದ್ದೇ ಇದೆ. ಆದರೆ ಮೊನ್ನೆ ತೊಟ್ಟಿ ತೊಳೆಯಲು ಬಂದ ಆಳಿಗೆ "ಆ ಕೊಂಬೆ ಮುಟ್ಟಬೇಡ ಕಣೋ" ಎಂದು ಅವರೇ ಕೂಗಿದ್ದು ಅಡುಗೆಮನೆಗೆ ಕೇಳಿಸಿತು.

ಕಳೆದ ವಾರ ಆಲೂರು ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಜಾತಕದ ಮಾತು ಮುಗಿದ ಮೇಲೆ ಅದೇ ಪ್ರಶ್ನೆ: "ಹುಡುಗ ಏನು ಕೆಲಸ ಮಾಡ್ತಾನೆ?"

"ಕಪ್ಪೆ ತೋರಿಸ್ತಾನೆ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ಹುಡುಗಿಗೆ ಇಂಬಳ ಕಂಡರೆ ಬಹಳ ಭಯ ಎಂದರು. ಸುಣ್ಣ ಹೊಗೆಸೊಪ್ಪು ತೆಗೆದಿಟ್ಟಿರುತ್ತೇನೆ, ಮಳೆ ನಿಲ್ಲುವ ಮೊದಲೇ ಬನ್ನಿ ಎಂದು ಹೇಳಿದ್ದೇನೆ.