ಕಂಬಿಯ ದಾರಿಯೂ ಕರಡಿಯ ದಾರಿಯೂ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಬಯಲನ್ನು ಬಲ್ಲ ವಾಚಕರಿಗೆ ಕರಡಿಯ ವಿಷಯವಾಗಿ ಬರೆಯಹೊರಟಿರುವದು ವಿಚಿತ್ರವೆಂದು ತೋರಬಹುದು. ಭೀಮೆಯ ಎರಡೂ ದಂಡೆಗಳಲ್ಲಿ ಕಣ್ಣು ಹಾಯುವವರೆಗೆ ಎರೆಯ ಹೊಲ; ಜೋಳ, ತೊಗರಿ, ಕಬ್ಬು. ಕರಡಿಯು ಮನೆಮಾಡುವಂಥ ಕಲ್ಲುಗುಂಡುಗಳ ಗುಡ್ಡವಾಗಲಿ ಗವಿಯಾಗಲಿ ಇಲ್ಲಿಲ್ಲ. ನಮ್ಮ ಕುರಿಗಾರನು ಅಂಜುವದು ತೋಳಕ್ಕೆ. ಒಕ್ಕಲಿಗನು ಶಪಿಸುವದು ಹಂದಿಗೆ ಮತ್ತು ಚಿಗರಿಗೆ. ಕರಡಿಯನ್ನು ನಾವು ಕಂಡದ್ದೆಲ್ಲ ಹಗ್ಗದ ತುದಿಯಲ್ಲಿಯೇ. ಕಲಂದರನು ಡಮರು ಬಾರಿಸುತ್ತ ಓಣಿಗೆ ಬರುವನು. ಮೂಗು ಚುಚ್ಚಿ ಹಗ್ಗ ಪೋಣಿಸಿದ ಆ ಪ್ರಾಣಿಯು ಎರಡು ಕಾಲ ಮೇಲೆ ನಿಂತು ಕುಣಿಯುವದು. ತಾಯಂದಿರು ಅಂಜುಬುರುಕ ಮಕ್ಕಳನ್ನು ಅದರ ಬೆನ್ನ ಮೇಲೆ ಕೂಡ್ರಿಸಿ, ನಾಲ್ಕು ಕೂದಲುಗಳನ್ನು ಬೇಡಿ ತಾಯಿತದಲ್ಲಿ ಕಟ್ಟುವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಈ ಆಟವು ನಿಷಿದ್ಧವಾಯಿತಾದರೂ ಪೂರ್ತಿಯಾಗಿ ನಿಂತದ್ದು ಬಹಳ ತಡವಾಗಿ. ಕಟ್ಟಕಡೆಯ ಕುಣಿಯುವ ಕರಡಿಯನ್ನು 2009ರಲ್ಲಿ ಬನ್ನೇರುಘಟ್ಟದ ರಕ್ಷಣಾಕೇಂದ್ರಕ್ಕೆ ಒಪ್ಪಿಸಲಾಯಿತು. ನಿಂತದ್ದು ಒಳ್ಳೆಯದೇ ಆಯಿತು. ಆದರೆ ಹಲ್ಲು ಕಿತ್ತು ಉಗುರು ಕತ್ತರಿಸಿದ ಆ ದೀನಪ್ರಾಣಿಯು ನಮ್ಮ ಮನಸ್ಸಿನಲ್ಲಿ ಕರಡಿಯೆಂದರೆ ಹಾಸ್ಯದ ವಸ್ತು, ಜಡದೇಹಿ ಎಂಬ ಸುಳ್ಳು ಚಿತ್ರವೊಂದನ್ನು ಬಿಟ್ಟುಹೋಗಿದೆ. ಈ ಲೇಖನವು ಆ ಚಿತ್ರದ ಸಲುವಾಗಿ.

ಏಕೆಂದರೆ ಕರಡಿಯಿಲ್ಲದ ನಮ್ಮ ಸೀಮೆಯ ಜನರು ವರ್ಷಕ್ಕೊಮ್ಮೆ ಕರಡಿಯ ಸೀಮೆಯನ್ನು ಕಾಲ್ನಡಿಗೆಯಿಂದಲೇ ಹೊಗುತ್ತಾರೆ. ಯುಗಾದಿಯ ಮುಂದೆ ಫಾಲ್ಗುಣಮಾಸದಲ್ಲಿ ಊರೂರುಗಳಿಂದ ಶ್ರೀಶೈಲ ಮಲ್ಲಿಕಾರ್ಜುನನ ಕಂಬಿಗಳು ಹೊರಡುವದನ್ನು ವಾಚಕರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಆಳಂದಕ್ಕೆ ನೆರೆಯ ಕಲ್ಯಾಣದಿಂದ ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ಹಿಡಿದದ್ದೂ ಆ ದಿಕ್ಕನ್ನೇ. ಕೃಷ್ಣೆ ತುಂಗಭದ್ರೆಗಳನ್ನು ದಾಟುವವರೆಗೆ ಊರುಗಳುಂಟು, ದಾಸೋಹದ ಚಪ್ಪರಗಳುಂಟು, ಕಾಲಿಗೆ ಎಣ್ಣೆ ತಿಕ್ಕುವ ಪುಣ್ಯವಂತರುಂಟು. ಆತ್ಮಕೂರನ್ನು ಬಿಟ್ಟು ವೆಂಕಟಾಪುರದಿಂದ ಮುಂದೆ ಮಾತ್ರ ನಲ್ಲಮಲೆಯ ಅರಣ್ಯ. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರ ಎಂದು ಹಳೆಯ ಕಾಲುದಾರಿಯು ಏರಿಳಿಯುತ್ತ ಹೋಗುವದು. ಈ ಅರಣ್ಯವು 1983ರಲ್ಲಿ ವ್ಯಾಘ್ರಯೋಜನೆಗೆ ಸೇರಿತು. 2014ರಲ್ಲಿ ಆಂಧ್ರರಾಜ್ಯವು ಎರಡಾದ ಮೇಲೆ ಕೃಷ್ಣೆಯ ಉತ್ತರದ ಭಾಗವು ಅಮ್ರಾಬಾದೆಂಬ ಹೆಸರಿನಿಂದ ತೆಲಂಗಾಣಕ್ಕೆ ಹೋಯಿತು. ಯಾತ್ರಿಕರು ಹುಲಿಯ ಮಾತನ್ನೇ ಆಡುವರು. ಹುಲಿಯು ಮನುಷ್ಯರ ಸದ್ದನ್ನು ಬಹು ದೂರದಿಂದಲೇ ಅರಿತು ಸರಿದುಹೋಗುವ ಜಾಣಪ್ರಾಣಿ. ಕಾಡಿನಲ್ಲಿ ಬಾಳುವ ಜನರು ಅದಕ್ಕಿಂತ ಕರಡಿಗೇ ಹೆಚ್ಚು ಅಂಜುವರು, ಮತ್ತು ಅವರ ಅಂಜಿಕೆಯು ವಿಚಾರಪೂರ್ವಕವಾದದ್ದು.

ಇದರಲ್ಲಿ ಕಾಲದ ಯೋಗವೊಂದು ಕೂಡಿಕೊಂಡಿರುವದನ್ನು ನಮ್ಮವರು ಬಹುಶಃ ಗಮನಿಸಿಲ್ಲ. ಹೆಣ್ಣುಕರಡಿಯು ಮಾರ್ಗಶಿರ ಪುಷ್ಯದ ಸುಮಾರಿಗೆ ಗವಿಯಲ್ಲಿ ಒಂದೋ ಎರಡೋ ಮರಿಗಳನ್ನು ಈಯುವದು. ಎರಡು ಎರಡೂವರೆ ತಿಂಗಳಾಗುವ ಹೊತ್ತಿಗೆ ಅವುಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊರಗೆ ತಿರುಗಹತ್ತುವದು. ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗುವ ರೂಢಿಯು ಕರಡಿಯ ಜಾತಿಗಳಲ್ಲೆಲ್ಲ ನಮ್ಮ ದೇಶದ ಈ ಜಾತಿಯೊಂದರಲ್ಲಿಯೇ ಕಾಣುವದು. ಅಂದರೆ ನಮ್ಮ ಕಂಬಿಗಳು ನಲ್ಲಮಲೆಯನ್ನು ಹೊಗುವ ಕಾಲವೂ ಮರಿಹೊತ್ತ ತಾಯಿಯು ಹೊರಬೀಳುವ ಕಾಲವೂ ಒಂದೇ. ಅದೇ ಕಾಲಕ್ಕೆ ಇಪ್ಪೆಯ ಹೂವು ನೆಲಕ್ಕೆ ಉದುರುವದು, ಕರಡಿಗೆ ಅದು ಪರಮಾನ್ನ. ಅದೇ ಕಾಲಕ್ಕೆ ಹಳ್ಳಕೊಳ್ಳಗಳು ಬತ್ತಿ, ಉಳಿದ ನಾಲ್ಕು ಮಡುಗಳಿಗೇ ಮನುಷ್ಯನೂ ಮೃಗವೂ ಬರಬೇಕಾಗುವದು. ಇಷ್ಟು ಸಾಲದೆಂಬಂತೆ ಬಿಸಿಲಿಗೆ ಬೆದರಿದ ನಮ್ಮವರು ನಸುಕಿನಲ್ಲಿ ನಡೆಯುವರು, ಸಂಜೆ ಹೊತ್ತು ಮುಳುಗಿದ ಮೇಲೆ ನಡೆಯುವರು. ಕರಡಿಯೂ ಬಿಸಿಲಿಗೆ ಬೆದರಿ ನಡೆಯುವದು ಆ ಹೊತ್ತುಗಳಲ್ಲಿಯೇ.

ಈ ಪ್ರಾಣಿಯ ಶೀಲವನ್ನು ಸ್ವಲ್ಪ ತಿಳಿದುಕೊಳ್ಳುವದು ಆವಶ್ಯಕ. ಅಮರಕೋಶವು ಋಕ್ಷ, ಅಚ್ಛಭಲ್ಲ, ಭಲ್ಲೂಕ ಎಂದು ಇದಕ್ಕೆ ಹೆಸರುಗಳನ್ನು ಕೊಡುತ್ತದೆ. ಪಾಶ್ಚಾತ್ಯ ಪಂಡಿತನೊಬ್ಬನು 1791ರಲ್ಲಿ ಇದರ ಉದ್ದುಗುರುಗಳನ್ನೂ ಮುಂದಿನ ಹಲ್ಲುಗಳ ಕೊರತೆಯನ್ನೂ ನೋಡಿ, ಅಮೇರಿಕೆಯ ಮರಗಳಲ್ಲಿ ಜೋತಾಡುವ ಸೋಮಾರಿ ಪ್ರಾಣಿಯ ಕುಲಕ್ಕೆ ಇದನ್ನು ಸೇರಿಸಿಬಿಟ್ಟನು. ತಪ್ಪು ತಿದ್ದಲ್ಪಟ್ಟರೂ ಇಂಗ್ಲಿಷಿನಲ್ಲಿ ಸೋಮಾರಿ ಕರಡಿ ಎಂಬ ಹೆಸರು ಉಳಿಯಿತು. ಸೋಮಾರಿತನವು ಇದರಲ್ಲಿ ಲೇಶವೂ ಇಲ್ಲ. ದೊಡ್ಡ ಗಂಡು ನೂರು ಕಿಲೋಗ್ರಾಂ ಮೀರಿ ತೂಗಿದರೂ ಓಟದಲ್ಲಿ ಮನುಷ್ಯನನ್ನು ಹಿಂದಿಕ್ಕುವದು. ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿಲ್ಲದಿರುವದಕ್ಕೆ ಕಾರಣವುಂಟು: ಹುತ್ತವನ್ನು ಬಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಆ ಸಂದಿಯೊಳಗಿಂದ ಗೆದ್ದಲನ್ನು ಹೀರುವದು. ಹೀರುವ ಸಪ್ಪಳವು ಕಮ್ಮಾರನ ತಿದಿಯಂತೆ ನೂರು ಮಾರು ದೂರಕ್ಕೆ ಕೇಳಿಸುವದು. ವಿಚಾರ ಮಾಡಿ ನೋಡಬೇಕು: ಮೂತಿ ಹುತ್ತದೊಳಗೆ, ಕಿವಿಯ ತುಂಬ ತನ್ನದೇ ಸಪ್ಪಳ, ದೃಷ್ಟಿಯಂತೂ ಮೊದಲೇ ಮಂದ. ಇದ್ದುದೊಂದೇ ತೀಕ್ಷ್ಣೇಂದ್ರಿಯ, ಘ್ರಾಣ. ಗಾಳಿಯು ಎದುರಿನಿಂದ ಬೀಸುತ್ತಿದ್ದರೆ ಅದೂ ನಿರುಪಯೋಗಿ. ಇಂಥ ಸ್ಥಿತಿಯಲ್ಲಿ ಬರಿಗಾಲಿನ ಯಾತ್ರಿಕನೊಬ್ಬನು ಸದ್ದಿಲ್ಲದೆ ಹತ್ತು ಹೆಜ್ಜೆಗಳೊಳಗೆ ಬಂದನೆಂದರೆ, ತಲೆಯೆತ್ತಿದ ಕರಡಿಗೆ ಅವನು ಹುಲಿಯೋ ಮಲ್ಲಯ್ಯನ ಭಕ್ತನೋ ಎಂದು ವಿಮರ್ಶಿಸಲು ಅವಕಾಶವೆಲ್ಲಿ? ಹುಲಿ ಚಿರತೆಗಳ ನಡುವೆ ಬಾಳಿ ಬಂದ ಈ ಜಾತಿಯು ಓಡುವದಕ್ಕಿಂತ ಎದುರುಬೀಳುವದನ್ನೇ ರಕ್ಷಣೋಪಾಯವಾಗಿ ಕಲಿತಿದೆಯೆಂದು ಬಲ್ಲವರು ಊಹಿಸುವರು. ಅದು ತಿನ್ನಬೇಕೆಂದು ಬರುವದಿಲ್ಲ, ಬೆಚ್ಚಿ ಬರುತ್ತದೆ. ಬೆಚ್ಚಿ ಬಂದದ್ದು ತಲೆಗೂ ಮೋರೆಗೂ ಬಾಯಿ ಹಾಕುವದು.

1987ರಲ್ಲಿ ನಾನು ಕಂಬಿಯ ಸಂಗಡ ಹೋಗಿದ್ದೆನು. ನಮ್ಮ ತಂಡದ ಹಿರಿಯರು ಅಕ್ಷರ ಕಲಿತವರಲ್ಲ; ಇಪ್ಪತ್ತಕ್ಕೂ ಹೆಚ್ಚು ಸಲ ಆ ದಾರಿಯನ್ನು ತುಳಿದವರು. ಕಾಡು ಹೊಕ್ಕ ಮೇಲೆ ಯಾರೂ ಮೌನದಿಂದ ನಡೆಯಕೂಡದೆಂದು ಅವರ ನೇಮ. ಪದ ಹಾಡಬೇಕು, ಪದ ತೀರಿದರೆ ಘಂಟೆ ಬಾರಿಸಬೇಕು, ಅದೂ ಬೇಸರವಾದರೆ ಹೊಲಮನೆಯ ಜಗಳವನ್ನಾದರೂ ಗಟ್ಟಿಯಾಗಿ ಆಡಬೇಕು. ಪೆಚ್ಚೆರುವಿನ ಆಚೆ ಒಂದು ನಸುಕಿನಲ್ಲಿ ಕೊಳ್ಳವನ್ನು ಇಳಿಯುತ್ತಿರುವಾಗ ಅವರು ಘಂಟೆಯನ್ನು ಮೂರು ಸಲ ಜೋರಾಗಿ ಬಾರಿಸಿ, ಕೈ ಅಡ್ಡ ಹಿಡಿದು ನಿಂತರು. ದಾರಿಯ ತಿರುವಿನಾಚೆ ಕೇಳಿಸುತ್ತಿದ್ದ ತಿದಿಯ ಸಪ್ಪಳವು ಒಮ್ಮೆಲೆ ನಿಂತಿತು. ಪೊದೆ ಅಲುಗಿ, ಕರ್ರಗಿನ ಗುಡ್ಡೆಯೊಂದು ಹೊರಬಂದು, ಎರಡು ಕಾಲ ಮೇಲೆ ಎದ್ದು, ಮೂತಿಯನ್ನು ಗಾಳಿಗೆ ಹಿಡಿಯಿತು. ಎದೆಯ ಮೇಲಿನ ಬಿಳಿಯ ಗುರುತು ಆ ಮಬ್ಬಿನಲ್ಲಿಯೂ ಕಾಣಿಸಿತು. ಬೆನ್ನ ಕೂದಲಿನಲ್ಲಿ ಎರಡು ಸಣ್ಣ ತಲೆಗಳಿದ್ದವು. ನಮ್ಮಲ್ಲೊಬ್ಬನು ಕಲ್ಲನ್ನು ಎತ್ತಿಕೊಂಡನು. ಹಿರಿಯರು ಅವನ ಮಣಿಕಟ್ಟನ್ನು ಹಿಡಿದು ಮೆಲ್ಲಗೆ, "ನಿಂದರ್ರೆಪಾ. ಆಕಿ ಮಕ್ಕಳ ತಾಯಿ. ಆಕಿ ಹೋಗಲಿ, ಆಮ್ಯಾಲ ನಾವು ಹೋಗಾಮು" ಎಂದರು. ನಾಲ್ಕೆಜ್ಜೆ ಹಿಂದಕ್ಕೆ ಸರಿದೆವು. ಯಾರೂ ಬೆನ್ನು ತಿರುಗಿಸಲಿಲ್ಲ. ಆಕೆಯು ಕೆಳಗಿಳಿದು, ದಾರಿಯನ್ನು ದಾಟಿ, ಕೊಳ್ಳದ ಆಚೆ ಬದಿಯನ್ನು ಏರಿ ಹೋದಳು. ಆ ಹೊತ್ತಿಗೆ ಘಂಟೆಯು ಬಾರಿಸದಿದ್ದರೆ ತಿರುವಿನಲ್ಲಿ ಎಷ್ಟು ಹೆಜ್ಜೆಗಳ ಅಂತರದಲ್ಲಿ ಭೇಟಿಯಾಗುತ್ತಿತ್ತೆಂಬದನ್ನು ಆಮೇಲೆ ನಡೆದು ಎಣಿಸಿದೆವು: ಒಂಬತ್ತು.

ಆ ದಿವಸದಿಂದ ಭಾಗವತದ ದಶಮಸ್ಕಂಧದ ಸ್ಯಮಂತಕೋಪಾಖ್ಯಾನವು ನನಗೆ ಬೇರೆ ರೀತಿಯಾಗಿ ಅರ್ಥವಾಗಹತ್ತಿದೆ. ಶ್ರೀಕೃಷ್ಣನು ಜನರನ್ನು ಗವಿಯ ಹೊರಗೆ ನಿಲ್ಲಿಸಿ ಕತ್ತಲೆಯೊಳಗೆ ಒಬ್ಬನೇ ಹೊಗುವನು. ಕೂಸು ಮಣಿಯೊಡನೆ ಆಡುತ್ತಿರುವದು. ಅಪರಿಚಿತನನ್ನು ಕಂಡು ದಾದಿಯು ಕಿರಿಚುವಳು. ಆ ಧ್ವನಿಗೆ ಜಾಂಬವಂತನು ಬಂದವನು ಯಾರೆಂಬದನ್ನು ನೋಡದೆ ಕ್ರುದ್ಧನಾಗಿ ಮೇಲೆ ಬೀಳುವನು. ಗವಿ, ಮರಿ, ಕಿರಿಚಾಟ, ಒಂಟಿಯಾಗಿ ಒಮ್ಮೆಲೆ ಬಂದ ಅತಿಥಿ! ಪುರಾಣಕಾರನು ಕರಡಿಯ ನಡತೆಯನ್ನು ಕಣ್ಣಾರೆ ಕಂಡವನೇ ಇರಬೇಕು. ಇಪ್ಪತ್ತೆಂಟು ದಿವಸ ಮಲ್ಲಯುದ್ಧ ಮಾಡಿ ಮಣಿಯನ್ನೂ ಕನ್ಯೆಯನ್ನೂ ಪಡೆದು ಬರುವದು ಆ ಪುರುಷೋತ್ತಮನಿಗೆ ಸಾಧ್ಯವಾಯಿತು. ನಮಗೆ ಇಪ್ಪತ್ತೆಂಟು ನಿಮಿಷಗಳ ಶಕ್ತಿಯೂ ಇಲ್ಲ. ಜಾಂಬವಂತನ ಕಿಷ್ಕಿಂಧೆಯೆಂದು ಜನರು ನಂಬುವ ಹಂಪೆ ಆನೆಗೊಂದಿಗಳ ಕಲ್ಲುಗುಡ್ಡಗಳಲ್ಲಿ ಇಂದಿಗೂ ಕರಡಿಗಳುಂಟು. ಅಲ್ಲಿಗೆ ಸಮೀಪದ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಬಂಡೆಗಳಿಗೆ ಬೆಲ್ಲ ಜೇನುಗಳ ಪಾಕವನ್ನು ಸವರಿಟ್ಟು, ಮಧ್ಯಾಹ್ನದ ಮೇಲೆ ಅವು ಇಳಿದು ಬರುವದನ್ನು ಗೋಪುರದ ಮೇಲಿಂದ ನೋಡಗೊಡುವರು. ಕರಡಿಯನ್ನು ನೋಡುವ ಆಸೆಯುಳ್ಳವರು ಅಲ್ಲಿ ನೋಡುವದೇ ಲೇಸು.

ನಮ್ಮ ಜನರಲ್ಲಿ ಪ್ರಚಾರದಲ್ಲಿರುವ ಉಪಾಯಗಳಲ್ಲಿ ಹಲವು ಪ್ರಾಣಕ್ಕೆ ಎರವಾಗುವಂಥವು. ಇಳಿಜಾರಿನಲ್ಲಿ ಓಡಿದರೆ ಕರಡಿಯ ಕೂದಲು ಅದರ ಕಣ್ಣಿಗೆ ಬಿದ್ದು ಅದು ಕುರುಡಾಗುವದೆಂಬದು ಒಂದು. ಏರಿನಲ್ಲಿಯೂ ಇಳಿತದಲ್ಲಿಯೂ ಅದರ ಓಟ ಒಂದೇ. ಗಿಡ ಹತ್ತಬೇಕೆಂಬದು ಇನ್ನೊಂದು. ಇದಕ್ಕೆ ಮೂಲವು ಶಾಲೆಯ ವಾಚನಪುಸ್ತಕಗಳಲ್ಲಿ ತಲೆಮಾರುಗಳಿಂದ ಬರುತ್ತಿರುವ ಇಬ್ಬರು ಗೆಳೆಯರ ಕಥೆ, ಗ್ರೀಕರ ಈಸೋಪನದು. ಗೆಳೆತನದ ಪಾಠವಾಗಿ ಅದು ಉತ್ತಮವಾದದ್ದು, ಪ್ರಾಣಿಶಾಸ್ತ್ರವಾಗಿ ಅಲ್ಲ. ಜೇನುಹುಟ್ಟಿಗಾಗಿ ಮರದ ತುದಿಯನ್ನು ಮುಟ್ಟುವ ನಮ್ಮ ಕರಡಿಗೆ ಆ ಸ್ವಾರ್ಥಿಯಾದ ಗೆಳೆಯನ ಕೊಂಬೆಯು ದೂರವಲ್ಲ. ನಾಯಿಯನ್ನು ಜೊತೆಗೊಯ್ಯುವದೂ ಒಳ್ಳೆಯದಲ್ಲ; ಅದು ಕರಡಿಯನ್ನು ಕೆಣಕಿ, ಬೆನ್ನಟ್ಟಿಸಿಕೊಂಡು ಒಡೆಯನ ಕಾಲಿಗೇ ಬರುವದು.

ಕೈಯಲ್ಲಿ ಕೋಲು ಮಾತ್ರ ಇರತಕ್ಕದ್ದು. ತಿರುಮಲೆಯ ಮೆಟ್ಟಿಲುದಾರಿಯಲ್ಲಿ 2023ರ ಆಗಸ್ಟಿನಲ್ಲಿ ಚಿರತೆಯು ಬಾಲಿಕೆಯೊಬ್ಬಳನ್ನು ಕೊಂದ ತರುವಾಯ ದೇವಸ್ಥಾನದವರು ನಡೆದು ಹೋಗುವವರಿಗೆ ಕೋಲುಗಳನ್ನು ಹಂಚಿದರು. ಹದಿನೈದು ವರ್ಷದೊಳಗಿನ ಮಕ್ಕಳನ್ನು ಮಧ್ಯಾಹ್ನ ಎರಡರ ಮೇಲೆ ಬಿಡಲಿಲ್ಲ. ಕೋಲನ್ನು ಕಂಡು ನಕ್ಕವರೂ ಇದ್ದರು. ಹೊಡೆಯಲಿಕ್ಕೆ ಅದು ಸಾಲದು ನಿಜ. ಆದರೆ ಕಲ್ಲಿಗೆ ತಾಗಿ ಟಕಟಕನೆ ನುಡಿಯುತ್ತ ಹೋಗುವ ಕೋಲು, ಬರುವವನು ಮನುಷ್ಯನೆಂದು ಕಾಡಿಗೆಲ್ಲ ಸಾರುವದು. ಮುಖ್ಯವಾದ ಕೆಲಸ ಅದೇ.

ಇಷ್ಟಾಗಿಯೂ ಕರಡಿಯು ನುಗ್ಗಿ ಬಂದು ಮೈಗೆ ತಾಗಿದರೆ ಮಾಡತಕ್ಕದ್ದನ್ನು ಬಲ್ಲವರು ಹೀಗೆ ಹೇಳುವರು. ಬೋರಲಾಗಿ ನೆಲಕ್ಕೆ ಬೀಳಬೇಕು. ಕೈಬೆರಳುಗಳನ್ನು ಹೆಣೆದು ಹೆಡಕನ್ನು ಮುಚ್ಚಿ, ಮೊಣಕೈಗಳಿಂದ ಮೋರೆಯ ಎರಡೂ ಬದಿಗಳನ್ನು ಕಾಯ್ದುಕೊಳ್ಳಬೇಕು. ಬೆನ್ನಿನ ಗಂಟನ್ನು ಬಿಚ್ಚಬಾರದು, ಅದು ಕವಚ. ಒದೆಯಬಾರದು, ಕಿರಿಚಬಾರದು, ಅದು ಹೋಯಿತೆಂದು ನಿಶ್ಚಯವಾಗುವವರೆಗೆ ಏಳಬಾರದು. ಅಪಾಯವು ತಪ್ಪಿತೆಂದು ತಿಳಿದರೆ ಅದು ಬಹುಮಟ್ಟಿಗೆ ತಾನಾಗಿಯೇ ಬಿಟ್ಟುಹೋಗುವದು. ಸಂಗಡಿಗರು ಚದರಿ ಓಡದೆ ಗುಂಪಾಗಿ ನಿಂತು ಗದ್ದಲ ಮಾಡುವದು ಮೇಲು. ಗಾಯಕ್ಕೆ ಅರಿಷಿಣ ಸುಣ್ಣ ಮೆತ್ತುವ ನಮ್ಮ ಪದ್ಧತಿಯನ್ನು ಅಲ್ಲಿ ನಡೆಸಬಾರದು. ನೆತ್ತರು ಹರಿಯುತ್ತಿದ್ದರೆ ಶುಭ್ರವಸ್ತ್ರದಿಂದ ಒತ್ತಿ ಹಿಡಿಯಬೇಕು; ಚಿಕ್ಕ ಗಾಯವನ್ನು ಹರಿಯುವ ನೀರಿನಿಂದ ಸಾಬೂನು ಹಚ್ಚಿ ಕಾಲು ತಾಸು ತೊಳೆಯಬೇಕು; ಜೋತುಬಿದ್ದ ಚರ್ಮವನ್ನು ಕತ್ತರಿಸದೆ ಹಾಗೆಯೇ ಮುಚ್ಚಿ ವೈದ್ಯರಲ್ಲಿಗೆ ಒಯ್ಯಬೇಕು. ಅದು ಸ್ವಸ್ಥಾನದಲ್ಲಿ ಹೊಲಿಗೆಗೆ ಬರುವದುಂಟು. ಗಾಯವು ಚಿಕ್ಕದಾದರೂ ಧನುರ್ವಾಯು ಮತ್ತು ಹುಚ್ಚುನಾಯಿರೋಗಗಳ ಚುಚ್ಚುಮದ್ದು ತಪ್ಪತಕ್ಕದ್ದಲ್ಲ.

ಈಗಿನ ತರುಣರು ಹಿರಿಯರಿಗಿಂತ ಗಟ್ಟಿಯಾದ ಬೂಟು ಮೆಟ್ಟುವರು, ಒಳ್ಳೆಯ ಬ್ಯಾಟರಿ ಹಿಡಿಯುವರು. ಆದರೆ ಕಂಬಿಯ ಮಂದಗತಿಗೆ ಬೇಸತ್ತು ಇಬ್ಬಿಬ್ಬರಾಗಿ ಮುಂದೆ ಸಾಗುವರು, ಮತ್ತು ಎರಡೂ ಕಿವಿಗಳಿಗೆ ಮೊಬೈಲಿನ ಬಿರಡೆ ತುರುಕಿಕೊಳ್ಳುವರು. ಹಾಡು ಅವರ ಕಿವಿಯೊಳಗೇ ಇರುವದು, ಕಾಡಿಗೆ ಕೇಳಿಸದು. ಕರಡಿಯ ಸಪ್ಪಳವು ಅವರಿಗೆ ಕೇಳಿಸದು, ಅವರ ಸಪ್ಪಳವು ಕರಡಿಗೆ ಕೇಳಿಸದು. ಇಬ್ಬರೂ ಕಿವುಡರಾದ ಮೇಲೆ ದಾರಿಯ ತಿರುವಿನಲ್ಲಿ ಯಾರನ್ನು ದೂರುವದು? ನನ್ನ ಮೊಮ್ಮಗನು ಬರುವ ಯುಗಾದಿಗೆ ಹೊರಡುವವನಿದ್ದಾನೆ. ಬಿರಡೆಗಳನ್ನು ಮನೆಯಲ್ಲಿ ಬಿಟ್ಟು, ಘಂಟೆಯ ಹಿಂದೆಯೇ ನಡೆದು, ಬಾಯಿಬಿಟ್ಟು ಮಾತಾಡುತ್ತ ಹೋಗಬೇಕೆಂದು ಅವನಿಗೆ ಹೇಳಿದೆನು. "ಮುತ್ಯಾ, ಎರಡು ತಾಸಿನ್ಯಾಗ ಮಾತು ತೀರಿ ಹೋಗ್ತಾವ, ಮುಂದ ಏನ್ ಮಾತಾಡ್ಲಿ?" ಎಂದನು. ರಾಮಶಬ್ದದಿಂದ ಆರಂಭಿಸಿ ಏಳು ವಿಭಕ್ತಿಗಳನ್ನೂ ಗಟ್ಟಿಯಾಗಿ ಹೇಳುತ್ತ ಹೋಗು, ಪೆಚ್ಚೆರುವು ಮುಟ್ಟುವದರೊಳಗೆ ಹಲಂತ ಪುಲ್ಲಿಂಗಗಳು ಮುಗಿದಿರುತ್ತವೆ, ಎಂದೆನು. ಅವನು ಒಪ್ಪಿಲ್ಲ, ಪದಗಳ ಪುಸ್ತಕವೊಂದನ್ನು ಗಂಟಿಗೆ ಸೇರಿಸಿಕೊಂಡಿದ್ದಾನೆ.